ಕೆರೆ ಏರಿಯ ಮೇಲೆ ಬೆಳೆದವರಿಗೆ ನಿಸರ್ಗವಿಲ್ಲವೇ?

ಕಳೆದ ವರ್ಷ ನನ್ನ ಸಂಶೋಧನೆಯ ಪ್ರಗತಿ ವರದಿ ಒಪ್ಪಿಸುವ ದಿನ. ಕನ್ನಡದ ನಿಸರ್ಗ ಬರಹ ನನ್ನ ಪಿಎಚ್‌.ಡಿ. ವಿಷಯ. ಮೂರನೆಯ ಅಧ್ಯಾಯಕ್ಕೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಕೆರೆಗಳನ್ನು ಆರಿಸಿಕೊಂಡಿದ್ದೇನೆ ಎಂದೆ. ಸಮಿತಿಯಲ್ಲಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಲ್ಲಮ್ಮಾ, ಅಲ್ಲಿ ನಿಸರ್ಗ ಎಲ್ಲಿದೆ? ಅಲ್ಲಿರೋದು ಬರ. ಕೆರೆ ಅಂದ್ರೆ ನೀರಾವರಿ, ಅದು ಬೇರೆ ಡಿಪಾರ್ಟ್‌ಮೆಂಟು. ಒಂದ್ಸಲ ಆಗುಂಬೆಗೆ ಹೋಗಿ ಬಾ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ನನ್ನನ್ನು ಕಾಡಿದ್ದು ಅವರ ಮಾತಿಗಿಂತ ಹೆಚ್ಚಾಗಿ ನನ್ನ ಆ ನಗು.

ಆಗುಂಬೆಗೆ ನಾನು ಹೋಗಿ ಬಂದಿದ್ದೇನೆ. ಚೆನ್ನಾಗಿದೆ. ಆ ಹಿರಿಯರೂ ಕೆಟ್ಟವರಲ್ಲ. ನಮ್ಮ ಸಾಹಿತ್ಯಲೋಕ ಬಾಯಿಬಿಟ್ಟು ಹೇಳದೆ ನಂಬಿಕೊಂಡು ಬಂದದ್ದನ್ನು ಅವರು ಬಾಯಿಬಿಟ್ಟು ಹೇಳಿದರು, ಅಷ್ಟೆ. ಆ ನಂಬಿಕೆ ಇದು: ಕನ್ನಡದಲ್ಲಿ ಮಲೆನಾಡಿಗೆ ನಿಸರ್ಗ ಇದೆ, ಬಯಲುಸೀಮೆಗೆ ಸಮಾಜಶಾಸ್ತ್ರ ಇದೆ. ತೀರ್ಥಹಳ್ಳಿಯ ಹುಡುಗ ಮರ ಹತ್ತಿದರೆ ಅದು ಪ್ರಕೃತಿಯೊಡನೆ ಒಡನಾಟ. ಕೂಡ್ಲಿಗಿಯ ಹುಡುಗ ಮರ ಹತ್ತಿದರೆ ಅದು ಮೇಕೆಗೆ ಸೊಪ್ಪು ಕಡಿಯುವುದು, ಅಂದರೆ ಬಡತನ. ಎರಡೂ ಮರವೇ. ಓದುವ ಕಣ್ಣು ಮಾತ್ರ ಬೇರೆ.

ತರಗತಿಗಳಲ್ಲಿ ನಾವು ಓದುವ ಪಟ್ಟಿಯನ್ನೇ ನೋಡಿ. 'ಮಲೆನಾಡಿನ ಚಿತ್ರಗಳು' 1933ರದು. 'ಬೆಟ್ಟದ ಜೀವ' 1943ರದು. 'ಹಸುರು ಹೊನ್ನು' 1976, 'ಕರ್ವಾಲೊ' 1980. ನಾಲ್ಕೂ ನನಗೆ ಪ್ರಿಯವಾದ ಪುಸ್ತಕಗಳು. 'ಕರ್ವಾಲೊ' ಓದದೇ ಹೋಗಿದ್ದರೆ ನಾನು ಈ ಸಂಶೋಧನೆಗೇ ಬರುತ್ತಿರಲಿಲ್ಲ. ಆದರೆ ನಾಲ್ಕರ ಮುಖವೂ ಘಟ್ಟದ ಕಡೆಗಿದೆ. ಇನ್ನು ನಮ್ಮ ಕಡೆಯವರನ್ನು ಹೇಗೆ ಓದುತ್ತೇವೆ? ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ ಅಂದರೆ ಹಾಸ್ಯ. ಕೊಟ್ಟೂರಿನ ಕುಂ. ವೀರಭದ್ರಪ್ಪ ಅಂದರೆ ಬರ, ಹಸಿವು, ಪಾಳೇಗಾರಿಕೆ. ಅವರ ಬರಹದಲ್ಲಿ ಬರುವ ಮಣ್ಣು, ಮುಳ್ಳು, ಬಿಸಿಲು, ಪ್ರಾಣಿಪಕ್ಷಿಗಳ ಬಗ್ಗೆ ಪ್ರಬಂಧ ಬರೆಯಿರಿ ಎಂದು ಯಾವ ಪ್ರಶ್ನೆಪತ್ರಿಕೆಯೂ ನನ್ನನ್ನು ಕೇಳಿಲ್ಲ. ಹಿನ್ನೆಲೆ ಎಂಬ ಒಂದು ಪದದಲ್ಲಿ ಅವನ್ನೆಲ್ಲ ಮುಗಿಸಿಬಿಡುತ್ತೇವೆ.

ತೇಜಸ್ವಿಯವರನ್ನು ಇದಕ್ಕೆ ದೂರಬಾರದು. ಅವರ ಕಾಡಿನಲ್ಲಿ ಮಂದಣ್ಣ ಇದ್ದಾನೆ, ನಾಯಿ ಕಿವಿ ಇದೆ, ಜೇನು ಪೆಟ್ಟಿಗೆ ಇದೆ, ಸಾಲವೂ ಜಗಳವೂ ಇವೆ. ಅವರು ಮನುಷ್ಯರನ್ನು ಆಚೆಗಟ್ಟಿ ಕಾಡನ್ನು ನೋಡಿದವರಲ್ಲ. ಅವರ ಹಿಂದೆ ಬಂದ ನಾವು ಮಂದಣ್ಣನನ್ನು ಬಿಟ್ಟು ಹಾರುವ ಓತಿಯನ್ನು ಮಾತ್ರ ಹಿಡಿದುಕೊಂಡೆವು. ಮಳೆ, ಮಂಜು, ಜಿಗಣೆ, ಒಂಟಿ ಮನೆ, ಒಂದು ಲೋಟ ಕಾಫಿ: ಇಷ್ಟಿದ್ದರೆ ನಿಸರ್ಗ ಬರಹ ಸಿದ್ಧ ಎಂದುಕೊಂಡೆವು. ಈ ಸಾಮಗ್ರಿಗಳಲ್ಲಿ ಒಂದೂ ಹಗರಿಬೊಮ್ಮನಹಳ್ಳಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಅಲ್ಲಿ ನಿಸರ್ಗವೂ ಸಿಗುವುದಿಲ್ಲ ಎಂದು ತೀರ್ಮಾನಿಸಿದೆವು.

ಒಂಟಿತನದ ಈ ಕಲ್ಪನೆ ನಮಗೆ ಎಲ್ಲಿಂದ ಬಂತು ಎಂದು ಕೇಳಿದರೆ ಬಹಳ ಜನ ಥೋರೋನ ಕಡೆ ಕೈ ತೋರಿಸುತ್ತಾರೆ. ಹೆನ್ರಿ ಡೇವಿಡ್ ಥೋರೋ 1845ರ ಜುಲೈ 4ರಿಂದ 1847ರ ಸೆಪ್ಟೆಂಬರ್ 6ರವರೆಗೆ ವಾಲ್ಡನ್ ಕೊಳದ ದಂಡೆಯಲ್ಲಿ ಗುಡಿಸಲು ಕಟ್ಟಿಕೊಂಡು ಇದ್ದ, 1854ರಲ್ಲಿ ಪುಸ್ತಕ ತಂದ. ಜಗತ್ತಿನ ನಿಸರ್ಗ ಬರಹಕ್ಕೆ ಅದೇ ಮೂಲಪಠ್ಯ ಎನ್ನುತ್ತಾರೆ. ಇರಲಿ. ಆದರೆ ಆ ಪುಸ್ತಕವನ್ನು ನಿಜಕ್ಕೂ ಓದಿದವರಿಗೆ ಬೇರೊಂದು ಕೊಳ ಕಾಣುತ್ತದೆ. ಅದು ದೂರದ ಅಡವಿಯಲ್ಲಿಲ್ಲ, ಅವನ ಊರಾದ ಕಾಂಕರ್ಡ್‌ನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಒಂದೆರಡು ದಿನಕ್ಕೊಮ್ಮೆ ಅವನು ಊರಿಗೆ ಹೋಗಿ ಹರಟೆ ಕೇಳಿ ಬರುತ್ತಿದ್ದ. ಕೊಳದ ಅಂಚಿನಲ್ಲೇ ರೈಲು ಹಾದುಹೋಗುತ್ತಿತ್ತು. 1846-47ರ ಚಳಿಗಾಲದಲ್ಲಿ ನೂರು ಜನ ಐರಿಷ್ ಕೂಲಿಕಾರರು ದಿನವೂ ಬಂದು ಕೊಳದ ಮಂಜುಗಡ್ಡೆ ಕಡಿದರು. ಆ ಕಾಲಕ್ಕೆ ಅಮೆರಿಕದ ಮಂಜುಗಡ್ಡೆ ಹಡಗೇರಿ ಮದರಾಸಿಗೂ ಬರುತ್ತಿತ್ತು. ಮರೀನಾ ದಂಡೆಯ ಐಸ್ ಹೌಸ್ ಅದಕ್ಕೆಂದೇ ಕಟ್ಟಿದ್ದು. ತನ್ನ ಕೊಳದ ನೀರನ್ನು ಮದರಾಸಿನವರು ಕುಡಿಯುತ್ತಾರೆ ಎಂದು ಥೋರೋ ಕಲ್ಪಿಸಿಕೊಂಡು ಸಂತೋಷಪಟ್ಟಿದ್ದಾನೆ.

ಅಂದರೆ ವಾಲ್ಡನ್ ಒಂದು ಊರ ಕೆರೆಯೇ. ದುಡಿಮೆ ನಡೆಯುವ, ಮೀನು ಹಿಡಿಯುವ, ಜಗತ್ತಿನ ವ್ಯಾಪಾರಕ್ಕೆ ಅಂಟಿಕೊಂಡ ಕೆರೆ. ಥೋರೋ ಅದರ ದಂಡೆಯ ಕೂಸು. ನಾಲ್ಕು ವರ್ಷದವನಿದ್ದಾಗ ತನ್ನನ್ನು ಅಲ್ಲಿಗೆ ಕರೆತಂದದ್ದು ಚೆನ್ನಾಗಿ ನೆನಪಿದೆ ಎಂದು ಬರೆದುಕೊಂಡಿದ್ದಾನೆ. ಭೂಮಾಪನ ಅವನ ಕಸುಬು. ಕೊಳಕ್ಕೆ ತಳವೇ ಇಲ್ಲ ಎಂದು ಊರವರು ನಂಬಿದ್ದಾಗ ಇವನು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅಳೆದ. ಅತಿ ಆಳ 102 ಅಡಿ. ವಿಸ್ತೀರ್ಣ 61 ಎಕರೆಯ ಮೇಲೆ ಸ್ವಲ್ಪ.

ಈಗ ನಮ್ಮ ತಾಲ್ಲೂಕಿಗೆ ಬನ್ನಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 244 ಎಕರೆ. ವಾಲ್ಡನ್‌ನ ಹತ್ತಿರ ಹತ್ತಿರ ನಾಲ್ಕು ಪಟ್ಟು. ಆಳದಲ್ಲಿ ನಾವು ಸೋಲುತ್ತೇವೆ, ಒಪ್ಪಿಕೊಂಡೆ. ಇದು ಶತಮಾನಗಳ ಹಿಂದೆ ಹೊಲಗದ್ದೆಗೆ ನೀರುಣಿಸಲು ಊರವರು ಕಟ್ಟಿಕೊಂಡ ಕೆರೆ. ಕೆರೆಯಂಗಳದಲ್ಲಿ ನೀರೊಳಗೇ ನಿಂತ ಜಾಲಿಮರಗಳಿವೆ, ಅವುಗಳ ಮೇಲೆ ಹಕ್ಕಿಗಳ ಗೂಡು. 2017ರಲ್ಲಿ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಯ ಜೊತೆಗೆ ಅಂಕಸಮುದ್ರವೂ ರಾಮ್ಸರ್ ಪಟ್ಟಿಗೆ ಸೇರಿತು. ರಾಮ್ಸರ್ ಅಂದರೆ ಇರಾನಿನ ಒಂದು ಊರು. 1971ರಲ್ಲಿ ಅಲ್ಲಿ ಆದ ಒಪ್ಪಂದದಂತೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿ ತಯಾರಾಗುತ್ತದೆ. ಅಂಕಸಮುದ್ರದ ವಿವರಗಳಲ್ಲಿ 240ಕ್ಕೂ ಹೆಚ್ಚು ಬಗೆಯ ಹಕ್ಕಿ, 41 ಬಗೆಯ ಮೀನು, 27 ಬಗೆಯ ಚಿಟ್ಟೆ, 32 ಬಗೆಯ ಕೊಡತಿಹುಳಗಳ ಲೆಕ್ಕವಿದೆ. ಮೂವತ್ತು ಸಾವಿರಕ್ಕೂ ಮೀರಿ ನೀರುಹಕ್ಕಿಗಳು ಅಲ್ಲಿ ತಂಗುತ್ತವೆ, ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆ, ಕರಿತಲೆ ಕೆಂಬರಲುಗಳಿಗೆ ಅದು ಜಾಗತಿಕ ಮಟ್ಟದ ನೆಲೆ.

ಸ್ವಿಟ್ಜರ್ಲೆಂಡಿನ ಕಚೇರಿಯೊಂದಕ್ಕೆ ಅಲ್ಲಿ ನಿಸರ್ಗ ಕಂಡಿತು. ಧಾರವಾಡ, ಮೈಸೂರು, ಬೆಂಗಳೂರಿನ ಕನ್ನಡ ವಿಭಾಗಗಳಿಗೆ ಯಾಕೆ ಕಾಣಲಿಲ್ಲ?

ಕಾರಣ ಸರಳ. ಕೆರೆ ಮನುಷ್ಯ ಕಟ್ಟಿದ್ದು. ಮನುಷ್ಯ ಕಟ್ಟಿದ್ದು ನಿಸರ್ಗ ಹೇಗಾದೀತು ಎಂಬುದು ಗುಪ್ತವಾದ ಆಕ್ಷೇಪ. ಈ ಆಕ್ಷೇಪವನ್ನು ಒಮ್ಮೆ ಎದುರುಹಾಕಿಕೊಂಡು ನೋಡೋಣ. ಒಂದು ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕುತ್ತಾರೆ. ನೀರು ನಿಲ್ಲುತ್ತದೆ. ನೀರಿನ ಜೊತೆ ಹೂಳು ಬರುತ್ತದೆ, ಹೂಳಿಗೆ ಹುಲ್ಲು, ಹುಲ್ಲಿಗೆ ಹುಳ, ಹುಳಕ್ಕೆ ಮೀನು, ಮೀನಿಗೆ ಕೊಕ್ಕರೆ. ಕೊಕ್ಕರೆಯ ಹಿಕ್ಕೆ ನೀರಿಗೆ ಬೀಳುತ್ತದೆ, ಆ ನೀರು ತೂಬಿನಿಂದ ಗದ್ದೆಗೆ ಹೋಗುತ್ತದೆ. ತಮಿಳುನಾಡಿನ ವೇಡಂತಾಂಗಲ್ ಕೆರೆಯ ರೈತರಿಗೆ ಈ ಲೆಕ್ಕ ಗೊತ್ತಿತ್ತು. ಹಕ್ಕಿಗಳನ್ನು ಕೊಲ್ಲಬಾರದೆಂದು ಹದಿನೆಂಟನೆಯ ಶತಮಾನದ ಕೊನೆಯಲ್ಲೇ ಬ್ರಿಟಿಷ್ ಕಲೆಕ್ಟರನಿಂದ ಅವರು ಆಜ್ಞೆ ಬರೆಸಿಕೊಂಡಿದ್ದರು. ಪಕ್ಷಿಧಾಮ ಎಂಬ ಪದ ಹುಟ್ಟುವ ಮೊದಲಿನ ಮಾತು ಇದು. ಮನುಷ್ಯ ಏರಿಯನ್ನಷ್ಟೇ ಹಾಕಿದ. ಉಳಿದದ್ದನ್ನೆಲ್ಲ ಬಂದವರು ಕಟ್ಟಿಕೊಂಡರು. ಇದನ್ನು ನಿಸರ್ಗ ಅಲ್ಲ ಎನ್ನುವವರು, ಏಲಕ್ಕಿ ತೋಟವೂ ಕಾಫಿ ತೋಟವೂ ಯಾರು ಕಟ್ಟಿದ್ದು ಎಂದು ಒಮ್ಮೆ ಹೇಳಬೇಕು.

ನಮ್ಮಜ್ಜ ನೀರುಗಂಟಿ. ಈ ಪದ ಗೊತ್ತಿಲ್ಲದ ಓದುಗರು ಇರಬಹುದು. ಕೆರೆಯ ತೂಬು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವನು ನೀರುಗಂಟಿ. ಸುಗ್ಗಿಯಲ್ಲಿ ಕಾಳುಕಡಿಯ ರೂಪದಲ್ಲಿ ಅವನಿಗೆ ಆಯ ಕೊಡುತ್ತಿದ್ದರು. ಅಜ್ಜನಿಗೆ ಓದು ಬರಹ ಬರುತ್ತಿರಲಿಲ್ಲ. ತೂಬಿನ ಕಲ್ಲುಕಂಬದ ಮೇಲೆ ಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಕೋಡಿ ಬಿದ್ದ ವರ್ಷಕ್ಕೆ ಒಂದು ಗುರುತು, ಸಂಕ್ರಾಂತಿಗೆ ನೀರು ಎಲ್ಲಿಗೆ ಇಳಿದಿತ್ತು ಎಂಬುದಕ್ಕೆ ಇನ್ನೊಂದು. ಯುಗಾದಿಗೆ ಮತ್ತೊಂದು. ಅವನ ಕೈ ಹಿಡಿದು ಏರಿಯ ಮೇಲೆ ನಡೆಯುವಾಗ ಅವನ ಕಣ್ಣು ನೀರಿನ ಮೇಲಿರುತ್ತಿರಲಿಲ್ಲ, ಏರಿಯ ಹೊರಮೈ ಮೇಲಿರುತ್ತಿತ್ತು. "ಯವ್ವಾ, ಏಡಿ ಮಣ್ಣು ಹೊರಗ ಹಾಕೈತಲ್ಲ, ಮುಟ್ಟಿ ನೋಡು, ಹಸಿ ಐತೇನು?" ಎನ್ನುತ್ತಿದ್ದ. ಹಸಿ ಇದ್ದರೆ ಏಡಿಯ ಬಿಲ ನೀರಿನವರೆಗೆ ಹೋಗಿದೆ ಎಂದು ಅರ್ಥ. ಒಂದು ಬಿಲ ದೊಡ್ಡದಾದರೆ ಏರಿಯೇ ಒಡೆಯುತ್ತದೆ. ದೊಡ್ಡ ಮಳೆಯ ರಾತ್ರಿ ಲಾಟೀನು ಹಿಡಿದು ಅವನು ಮಲಗದೆ ಏರಿಯ ಮೇಲೆ ಅಡ್ಡಾಡುತ್ತಿದ್ದ.

ಹಕ್ಕಿಗಳ ಹೆಸರು ಅವನಿಗೆ ಹತ್ತಿಪ್ಪತ್ತು ಗೊತ್ತಿದ್ದವು, ಅಷ್ಟೆ. ಅವುಗಳ ನಡತೆ ಗೊತ್ತಿತ್ತು. ಬೆಳ್ಳಕ್ಕಿ ಯಾವ ದಂಡೆಯಲ್ಲಿ ನಿಂತರೆ ಅಲ್ಲಿ ನೀರು ಮೊಣಕಾಲುದ್ದ ಎನ್ನುತ್ತಿದ್ದ. ಟಿಟ್ಟಿಭ ರಾತ್ರಿ ಕೂಗಿದರೆ ಯಾರೋ ತೂಬಿನ ಹತ್ತಿರ ಬಂದಿದ್ದಾರೆ, ನೀರು ಕದಿಯಲು ಎಂದು ಎದ್ದು ಹೋಗುತ್ತಿದ್ದ. ನೋಡಿ, ಒಂದು ಹಕ್ಕಿಯ ಕೂಗಿನಲ್ಲಿ ಹಕ್ಕಿ, ನೀರು, ಕಳ್ಳತನ, ಊರ ರಾಜಕೀಯ ಎಲ್ಲ ಸೇರಿಕೊಂಡಿವೆ. ಥೋರೋ ತನ್ನ ಕೊಳವನ್ನು ಹಗ್ಗ ಇಳಿಬಿಟ್ಟು ಅಳೆದದ್ದನ್ನು ಓದಿದಾಗ ನನಗೆ ಕಣ್ಣಿಗೆ ಕಟ್ಟಿದ್ದು ಅಜ್ಜನ ಸುಣ್ಣದ ಗೆರೆಗಳು. ಇಬ್ಬರದೂ ಒಂದೇ ಕೆಲಸ. ಒಬ್ಬನ ಅಳತೆ ಜಗತ್ತಿನ ಶ್ರೇಷ್ಠ ಗದ್ಯವಾಯಿತು. ಇನ್ನೊಬ್ಬನದು ಮಳೆಗೆ ತೊಳೆದುಹೋಯಿತು. ಬೋರ್‌ವೆಲ್ ಬಂದ ಮೇಲೆ ಅಜ್ಜನ ಕೆಲಸ ಹೋಯಿತು. ನಾನು ಎರಡನೇ ಪಿಯುಸಿಯಲ್ಲಿದ್ದಾಗ ಅಜ್ಜನೂ ಹೋದ. ನಾನಾಗ ಪರೀಕ್ಷೆಗೆ ಮಲೆನಾಡಿನ ಮಳೆಯ ಮೇಲೆ ಪ್ರಬಂಧ ಬಾಯಿಪಾಠ ಮಾಡುತ್ತಿದ್ದೆ.

ಇಲ್ಲಿಗೆ ನಿಲ್ಲಿಸಿದರೆ ಇದು ಅಜ್ಜನ ನೆನಪಿನ ಲೇಖನವಾಗುತ್ತದೆ. ಕೆರೆಯ ಬಗ್ಗೆ ಬರುವ ಬರಹಗಳ ದೊಡ್ಡ ರೋಗವೇ ಇದು. ಹಿಂದೆ ಕೆರೆ ತುಂಬಿತ್ತು, ಊರು ಒಂದಾಗಿತ್ತು, ಈಗ ಎಲ್ಲ ಹಾಳಾಯಿತು ಎಂಬ ಧಾಟಿ. ನನಗೆ ಈ ಧಾಟಿಯ ಮೇಲೆ ನಂಬಿಕೆ ಇಲ್ಲ. ತೂಬು ತೆಗೆದು ಊರಿಗೆಲ್ಲ ನೀರು ಹಂಚಿದ ನಮ್ಮಜ್ಜನಿಗೆ ಕೆರೆಯ ಮೇಲಿನ ಮೆಟ್ಟಿಲಲ್ಲಿ ಕೊಡ ತುಂಬುವ ಹಕ್ಕಿರಲಿಲ್ಲ. ನಮ್ಮ ಕೇರಿಯ ಹೆಂಗಸರ ಜಾಗ ಕೋಡಿಯ ಕೆಳಗಿತ್ತು, ದನ ತೊಳೆಯುವ ಕಡೆ. ಊರು ಒಂದಾಗಿತ್ತು ಎಂದು ಬರೆಯುವವರು ಯಾವ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದಾರೆ ಎಂದು ನಾನು ಮೊದಲು ನೋಡುತ್ತೇನೆ.

ಆದ್ದರಿಂದಲೇ ನನ್ನ ವಾದವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯುತ್ತೇನೆ. ಕೆರೆ ನಮ್ಮ ನಿಸರ್ಗ ಬರಹದ ಹೊರಗೆ ಉಳಿದದ್ದು ಆಕಸ್ಮಿಕವಲ್ಲ. ಕೆರೆಯ ಬಗ್ಗೆ ಬರೆಯಲು ಕೂತರೆ ಜಾತಿಯನ್ನು ಬರೆಯದೆ ಏಳಲು ಆಗುವುದಿಲ್ಲ. ಕಾಡಿನಲ್ಲಿ ಮನುಷ್ಯರನ್ನು ಮರೆತು ಹೂವನ್ನು ನೋಡಬಹುದು. ಕೆರೆಯಲ್ಲಿ ಹೂವಿನ ಪಕ್ಕದಲ್ಲೇ ಯಾರದೋ ಕೊಡ ಇರುತ್ತದೆ. ಭಾರತದ ಅತಿ ದೊಡ್ಡ ಕೆರೆಯ ಕಥೆ ಯಾವುದು? 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಗೆ ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆಯಲ್ಲಿ ನೀರೆತ್ತಿ ಕುಡಿದದ್ದು. ನೀರಿಗೂ ಮನುಷ್ಯನಿಗೂ ಇರುವ ಸಂಬಂಧದ ಬಗ್ಗೆ ಅದಕ್ಕಿಂತ ಆಳವಾದ ಘಟನೆ ನನಗೆ ಗೊತ್ತಿಲ್ಲ. ಪರಿಸರ ಸಾಹಿತ್ಯ ಎಂಬ ಪತ್ರಿಕೆಯಲ್ಲಿ ನಾವು ಅದನ್ನು ಓದುವುದಿಲ್ಲ. ಅದು ದಲಿತ ಸಾಹಿತ್ಯ ಎಂಬ ಇನ್ನೊಂದು ಪತ್ರಿಕೆಗೆ ಸೇರಿದ್ದು. ಪತ್ರಿಕೆಗಳನ್ನೂ ಕೆರೆಯ ಮೆಟ್ಟಿಲುಗಳ ಹಾಗೆ ಹಂಚಿಟ್ಟಿದ್ದೇವೆ.

ಇನ್ನು ಹೆಣ್ಣುಮಕ್ಕಳ ಮಾತು. ಶಾಲೆಯಲ್ಲಿ ನಾನು ಓದಿದ ಕೆರೆ ಒಂದೇ, 'ಕೆರೆಗೆ ಹಾರ'ದ ಭಾಗೀರಥಿಯ ಕೆರೆ. ನೀರು ಬಾರದ ಕೆರೆಗೆ ಸೊಸೆಯನ್ನು ಬಲಿಕೊಟ್ಟ ಕಥೆ. ಇದು ಬರೀ ಜನಪದರ ಕಲ್ಪನೆ ಎನ್ನುವ ಹಾಗಿಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಕೃಷ್ಣದೇವರಾಯ ಕೆರೆ ಕಟ್ಟಿಸುವಾಗ ಇರುವೆಗಳಂತೆ ಮುತ್ತಿಕೊಂಡಿದ್ದ ಹದಿನೈದಿಪ್ಪತ್ತು ಸಾವಿರ ಕೆಲಸಗಾರರನ್ನು ಕಂಡದ್ದಾಗಿ ಬರೆದಿದ್ದಾನೆ. ಏರಿ ಮತ್ತೆ ಮತ್ತೆ ಒಡೆದಾಗ ಅರವತ್ತು ಜನರ ತಲೆ ಕಡಿಸಿದ್ದನ್ನೂ ಬರೆದಿದ್ದಾನೆ. ಏರಿಯೊಳಗೆ ಯಾರಿದ್ದಾರೆ ಎಂಬುದು ನಿಸರ್ಗ ಬರಹಗಾರ ಕೇಳಬೇಕಾದ ಪ್ರಶ್ನೆಯೇ.

ನನ್ನ ಬಾಲ್ಯದ ಕೆರೆಯಲ್ಲಿ ಹುಡುಗರು ಈಜುತ್ತಿದ್ದರು, ನಾವು ಬಟ್ಟೆ ಒಗೆಯುತ್ತಿದ್ದೆವು. ಕೆರೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಮೊಣಕಾಲುದ್ದ ನೀರಿನಲ್ಲಿ, ಬಗ್ಗಿದ ಬೆನ್ನಿನಿಂದ ತಿಳಿದದ್ದು. ಯಾವ ತಿಂಗಳಲ್ಲಿ ನೀರು ಹಸಿರಾಗುತ್ತದೆ, ಯಾವಾಗ ಸಾಬೂನು ನೊರೆ ಬಿಡುವುದಿಲ್ಲ, ಮೀನಿನ ಮರಿಗಳು ಯಾವಾಗ ಕಾಲು ಕಚ್ಚಲು ಬರುತ್ತವೆ. ಮಿಂಚುಳ್ಳಿಯನ್ನು ನಾನು ಮೊದಲು ಕಂಡದ್ದು ಒಗೆಯುವ ಕಲ್ಲಿನ ಮೇಲಿಂದ. ಅವ್ವ "ಮ್ಯಾಲ ನೋಡಬ್ಯಾಡ, ಸೀರಿ ಹೊಳಿ ಪಾಲಾಕ್ಕೈತಿ" ಎಂದು ಬೈದದ್ದೂ ನೆನಪಿದೆ. ಕೆರೆಯ ದಂಡೆಯಲ್ಲಿ ಒಬ್ಬಳೇ ಸುಮ್ಮನೆ ಕೂತ ಹುಡುಗಿಯನ್ನು ನಮ್ಮೂರು ನಿಸರ್ಗ ಪ್ರೇಮಿ ಎನ್ನುವುದಿಲ್ಲ. ಯಾಕೆ ಕೂತಿದ್ದಾಳೆ, ಏನಾಗಿದೆ, ಯಾರಿಗಾಗಿ ಕಾಯುತ್ತಿದ್ದಾಳೆ ಎಂದು ಕೇಳುತ್ತದೆ.

ಥೋರೋನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಖರ್ಚುವೆಚ್ಚದ ಪಟ್ಟಿ ಇದೆ. ಹಲಗೆ, ಮೊಳೆ, ಅಕ್ಕಿ, ಉಪ್ಪು, ಪೈಸೆ ಪೈಸೆಗೂ ಲೆಕ್ಕ. ಬಟ್ಟೆ ಒಗೆತ ಮತ್ತು ಹೊಲಿಗೆ ಮಾತ್ರ ಮನೆಯ ಹೊರಗೆ ಆಯಿತು, ಅದರ ಬಿಲ್ಲು ಇನ್ನೂ ಬಂದಿಲ್ಲ ಎನ್ನುತ್ತಾನೆ. ಪ್ರಾಮಾಣಿಕ ಮನುಷ್ಯ, ಬಚ್ಚಿಡಲಿಲ್ಲ. ಆದರೆ ಆ ಬಿಲ್ಲು ಇವತ್ತಿಗೂ ಬಂದಿಲ್ಲ. ಕೊಳದ ಆಳವನ್ನು ಅಳೆದವನ ಅಂಗಿಯನ್ನು ಒಗೆದವರು ಕೊಳದ ಬಗ್ಗೆ ಏನು ತಿಳಿದಿದ್ದರು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ನನ್ನ ಮೂರನೆಯ ಅಧ್ಯಾಯ ಆ ಬಿಲ್ಲಿನ ಬಗ್ಗೆ ಎಂದು ಸಮಿತಿಗೆ ಹೇಳಬೇಕಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ.

ಒಣನೆಲದಲ್ಲಿ ನಿಸರ್ಗ ಬರಹಗಾರ ಹುಟ್ಟುವುದಿಲ್ಲ ಎನ್ನುವವರಿಗೆ ಒಂದು ಹೆಸರು ಹೇಳುತ್ತೇನೆ. ಎಂ. ಕೃಷ್ಣನ್. 1912ರಲ್ಲಿ ಹುಟ್ಟಿದವರು, ತಮಿಳು ಕಾದಂಬರಿಕಾರ ಎ. ಮಾಧವಯ್ಯ ಅವರ ಮಗ. 1942ರಲ್ಲಿ ಕೆಲಸ ಹುಡುಕಿಕೊಂಡು ಬಂದದ್ದು ನಮ್ಮ ಕೂಡ್ಲಿಗಿಗೆ ಅಂಟಿಕೊಂಡಿರುವ ಸಂಡೂರು ಸಂಸ್ಥಾನಕ್ಕೆ. ಮೇಷ್ಟರಾಗಿ, ನ್ಯಾಯಾಧೀಶರಾಗಿ, ಇನ್ನೇನೇನೋ ಆಗಿ ಆ ದಶಕವನ್ನು ಹೆಚ್ಚುಕಡಿಮೆ ಅಲ್ಲೇ ಕಳೆದರು. ಕುರುಚಲು ಕಾಡು, ಕುರಿ, ಪಾರಿವಾಳ, ಊರನಾಯಿಗಳ ನಡುವೆ ಅವರ ಕಣ್ಣು ಪಳಗಿತು. 1950ರಲ್ಲಿ ಕಲ್ಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆಯಲ್ಲಿ ಶುರುವಾದ ಅವರ 'ಕಂಟ್ರಿ ನೋಟ್‌ಬುಕ್' ಅಂಕಣ 1996ರಲ್ಲಿ ಅವರು ತೀರಿಕೊಳ್ಳುವವರೆಗೆ ನಡೆಯಿತು. ನಲವತ್ತಾರು ವರ್ಷ. ಹುಲಿ ಆನೆಗಳಷ್ಟೇ ಗೌರವದಿಂದ ಅವರು ಕಾಗೆ, ಅಳಿಲು, ಮೇಕೆಗಳ ಬಗ್ಗೆ ಬರೆದರು. ಭಾರತದ ಇಂಗ್ಲಿಷ್ ನಿಸರ್ಗ ಬರಹದ ದೊಡ್ಡ ಹೆಸರೊಂದು ನಮ್ಮ ಪಕ್ಕದ ತಾಲ್ಲೂಕಿನ ಬಿಸಿಲಿನಲ್ಲಿ ಕಣ್ಣು ಪಳಗಿಸಿಕೊಂಡಿತು. ನಮಗದು ಗೊತ್ತೇ ಇಲ್ಲ. ನನ್ನ ಸ್ನಾತಕೋತ್ತರ ಪದವಿ ಮುಗಿಯುವವರೆಗೆ ನನಗೂ ಗೊತ್ತಿರಲಿಲ್ಲ.

ಇದು ಪ್ರಾದೇಶಿಕ ಅಸೂಯೆ ಅಲ್ಲವೇ, ಮಲೆನಾಡಿನವರ ಪಾಲು ಕೇಳುವುದು ಅಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಪಾಲು ಕೇಳುತ್ತಿಲ್ಲ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಬೋರ್ಡುಗಳು ಬದಲಾದವು, ಬಾಗಳಿಯ ಕೆರೆ ಅದರ ಕಲ್ಲೇಶ್ವರ ಗುಡಿಯ ಪಕ್ಕದಲ್ಲೇ ಇದೆ. ಜಿಲ್ಲೆಯ ಅಭಿಮಾನಕ್ಕಾಗಿ ಬರೆಯುವವಳು ನಾನಲ್ಲ. ಕೆರೆಯ ಬಗ್ಗೆ ಬರೆದವರೇ ಇಲ್ಲ ಎಂದೂ ಹೇಳುತ್ತಿಲ್ಲ. ಹಿಂದಿಯಲ್ಲಿ ಅನುಪಮ್ ಮಿಶ್ರಾ 1993ರಲ್ಲಿ ರಾಜಸ್ಥಾನ ಮತ್ತಿತರ ಕಡೆಯ ಕೆರೆಗಳ ಬಗ್ಗೆ ಬರೆದ ಪುಸ್ತಕ ಲಕ್ಷಾಂತರ ಜನರನ್ನು ಮುಟ್ಟಿತು. ಕನ್ನಡದಲ್ಲಿ ಶಿವಾನಂದ ಕಳವೆ ಕೆರೆಗಳ ಬಗ್ಗೆ ಬರೆದೂ ಇದ್ದಾರೆ, ಹೂಳೆತ್ತುವ ಕೆಲಸದಲ್ಲಿ ನಿಂತೂ ಇದ್ದಾರೆ. ಇವರ ಬರಹಗಳನ್ನು ನಾವು ಸಾಹಿತ್ಯವೆಂದು ಓದುತ್ತೇವೆಯೇ, ಮಾಹಿತಿಯೆಂದು ಓದಿ ಬದಿಗಿಡುತ್ತೇವೆಯೇ? ನನ್ನ ತಕರಾರು ಅಲ್ಲಿದೆ.

ತಕರಾರಿಗೆ ಈಗ ಅವಸರವೂ ಇದೆ. ಕೂಡ್ಲಿಗಿ, ಹರಪನಹಳ್ಳಿಯ ಕಡೆ ತುಂಗಭದ್ರೆಯಿಂದ ಕೊಳವೆಯಲ್ಲಿ ನೀರು ತಂದು ಕೆರೆ ತುಂಬಿಸುವ ಯೋಜನೆಗಳು ಬಂದಿವೆ. ಬರಲಿ. ಬೇಸಿಗೆಯಲ್ಲಿ ಕೊಡ ಹೊತ್ತು ಮೈಲಿ ನಡೆದವರ ಮಗಳು ನಾನು, ಕೊಳವೆಯ ನೀರನ್ನು ಬೇಡ ಎನ್ನುವ ಐಷಾರಾಮ ನನಗಿಲ್ಲ. ಆದರೆ ನದಿಯಿಂದ ತುಂಬುವ ಕೆರೆಗೆ ತನ್ನ ಹಳ್ಳದ ನೆನಪು ಬೇಕಾಗಿಲ್ಲ. ಯಾವ ಗುಡ್ಡದ ಮಳೆ ಯಾವ ಹಳ್ಳದಲ್ಲಿ ಇಳಿದು ಎಷ್ಟು ಹೊತ್ತಿಗೆ ಕೆರೆಗೆ ಮುಟ್ಟುತ್ತದೆ ಎಂಬ ತಿಳಿವಳಿಕೆ ಒಂದು ತಲೆಮಾರಿನಲ್ಲಿ ಅಳಿಯುತ್ತದೆ. ಅದರ ಜೊತೆ ಪದಗಳೂ. ತೂಬು, ಕೋಡಿ, ಅಚ್ಚುಕಟ್ಟು, ನೀರುಗಂಟಿ ಎಂಬ ಪದಗಳಿಗೆ ನಾನು ಈ ಲೇಖನದಲ್ಲೇ ಅರ್ಥ ಹೇಳಬೇಕೋ ಬೇಡವೋ ಎಂದು ಯೋಚಿಸಬೇಕಾಯಿತು. 'ಜಿಗಣೆ'ಗೆ ಯಾರೂ ಅರ್ಥ ಕೇಳುವುದಿಲ್ಲ. ಇನ್ನು ದಕ್ಷಿಣ ಅಮೆರಿಕದ ಕಡೆಯಿಂದ ಬಂದು ನಮ್ಮ ಕೆರೆಯಂಗಳಗಳನ್ನು ನುಂಗುತ್ತಿರುವ ಮುಳ್ಳುಗಿಡಕ್ಕೆ ನಾಡೆಲ್ಲ ಬಳ್ಳಾರಿ ಜಾಲಿ ಎಂದು ಹೆಸರಿಟ್ಟಿದೆ. ನಿಸರ್ಗದ ನಿಘಂಟಿನಲ್ಲಿ ನಮ್ಮ ಸೀಮೆಗೆ ಸಿಕ್ಕ ಜಾಗ ಅದು: ಬೇಡದ ಗಿಡಕ್ಕೆ ಒಂದು ಹೆಸರು.

ಅಂಕಸಮುದ್ರದಲ್ಲೂ ಇದೇ ಅಪಾಯ. ರಾಮ್ಸರ್ ಪಟ್ಟಿ ಹಕ್ಕಿಗಳನ್ನು ಎಣಿಸಿತು, ಒಳ್ಳೆಯದು. ಇನ್ನು ಮುಂದೆ ಅಲ್ಲಿಗೆ ಕ್ಯಾಮೆರಾಗಳು ಬರುತ್ತವೆ, ಚಿತ್ರಗಳಲ್ಲಿ ಕೊಕ್ಕರೆ ಇರುತ್ತದೆ, ಏರಿಯ ಮೇಲೆ ನಡೆದುಹೋಗುವ ಹೆಂಗಸು ಚೌಕಟ್ಟಿನಿಂದ ಆಚೆ ಉಳಿಯುತ್ತಾಳೆ. ಕೆರೆಯನ್ನು ನಿಸರ್ಗ ಎಂದು ಒಪ್ಪಿಸಲು ಮನುಷ್ಯರನ್ನು ಅಳಿಸಬೇಕಾದರೆ ಆ ಒಪ್ಪಿಗೆ ನನಗೆ ಬೇಡ. ಮಲೆನಾಡಿನ ಬರಹದ ಅಚ್ಚಿನಲ್ಲಿ ಕೆರೆಯನ್ನು ಎರಕ ಹೊಯ್ದು ಅಂಕಸಮುದ್ರಕ್ಕೊಬ್ಬ ಥೋರೋ ಬರಲಿ ಎಂದು ಕಾಯುವುದೂ ಬೇಡ. ಅಲ್ಲಿಗೆ ಬೇಕಾಗಿರುವವರು ಏಡಿಯ ಬಿಲವನ್ನೂ ಆಯದ ಕಾಳನ್ನೂ ಮೆಟ್ಟಿಲ ಜಗಳವನ್ನೂ ಕೆಂಬರಲಿನ ಗೂಡನ್ನೂ ಒಂದೇ ಪುಟದಲ್ಲಿ ಬರೆಯಬಲ್ಲವರು. ಅಂಥವರು ಈಗಾಗಲೇ ಇದ್ದಾರೆ. ಹಡಗಲಿಯ ಮಲ್ಲಿಗೆ ತೋಟದಲ್ಲಿ ನಸುಕಿಗೆ ಮೊಗ್ಗು ಬಿಡಿಸುವವಳು ಇಬ್ಬನಿಯ ಬಗ್ಗೆ ತಿಳಿದಿರುವಷ್ಟು ನಮ್ಮಲ್ಲಿ ಎಷ್ಟ ಜನ ಕವಿಗಳಿಗೆ ತಿಳಿದಿದೆ? ಅವಳು ಬರೆದರೆ ನಾವು ಅದನ್ನು ಯಾವ ಪತ್ರಿಕೆಗೆ ಹಾಕುತ್ತೇವೆ ಎಂಬುದಷ್ಟೇ ಪ್ರಶ್ನೆ.

ಪಠ್ಯ ರೂಪಿಸುವವರಿಗೆ, ಸಂಪಾದಕರಿಗೆ, ನನ್ನಂಥ ಸಂಶೋಧಕರಿಗೆ ಒಂದೇ ಮಾತು. ನಿಸರ್ಗ ಬರಹ ಎಂದಾಗ ಮೊದಲು ಮಳೆ ಎಷ್ಟು ಬೀಳುತ್ತದೆ ಎಂದು ನೋಡುವುದನ್ನು ಬಿಡೋಣ. ನೀರನ್ನು ಹಿಡಿದಿಟ್ಟವರು, ಹಂಚಿದವರು, ಮುಟ್ಟಬಾರದು ಎನಿಸಿಕೊಂಡವರು ಕಂಡ ನಿಸರ್ಗವನ್ನೂ ಓದೋಣ. ಓದುಗರಲ್ಲಿ ಕೆರೆಯೂರಿನವರು ಯಾರಾದರೂ ಇದ್ದರೆ, ಈ ವಾರ ಊರಿಗೆ ಫೋನ್ ಮಾಡಿ ತೂಬು ತೆಗೆಯುತ್ತಿದ್ದವರು ಯಾರಾದರೂ ಬದುಕಿದ್ದಾರೆಯೇ ಎಂದು ಕೇಳಿ. ಇದ್ದರೆ ಹೋಗಿ ಕೂತು ಬರೆದುಕೊಳ್ಳಿ. ಚೆನ್ನಾಗಿ ಬರೆಯಬೇಕೆಂದೇನಿಲ್ಲ.

ಮುಂದಿನ ತಿಂಗಳು ನನ್ನ ಮತ್ತೊಂದು ಪ್ರಗತಿ ವರದಿ ಇದೆ. ಅದೇ ಹಿರಿಯರು ಇರುತ್ತಾರೆ. ಮೂರನೆಯ ಅಧ್ಯಾಯವನ್ನು ಬಿಟ್ಟಿಲ್ಲ. ಕಳೆದ ವಾರ ಊರಿಗೆ ಹೋದಾಗ ತೂಬಿನ ಕಂಬವನ್ನು ನೋಡಿಬಂದೆ. ಸುಣ್ಣದ ಗೆರೆ ಒಂದೂ ಉಳಿದಿಲ್ಲ. ಎಷ್ಟು ಎತ್ತರದಲ್ಲಿ ಯಾವ ಗೆರೆ ಇತ್ತು ಎಂದು ಅವ್ವನನ್ನು ಕೇಳಿದೆ. ಅವಳು ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು, "ನೀ ಹುಟ್ಟಿದ ವರ್ಷ ಇಲ್ಲೀತನ ಇತ್ತು" ಎಂದಳು. ಟೇಪು ಹಿಡಿದು ಅಳೆದೆ. ನಾಲ್ಕು ಅಡಿ ಎರಡು ಅಂಗುಲ. ಅಧ್ಯಾಯದ ಮೊದಲ ಸಾಲು ಅದೇ.